ಸಹಾಯ ಬೇಕು: ಅನಿಮೋನ್ ಬಿಳಿಚಿಕೊಳ್ಳುತ್ತಿದೆ

ಕಾರವಾರದ ನಮ್ಮ ಮನೆಯಲ್ಲಿ 200 ಲೀಟರ್‌ನ ಉಪ್ಪುನೀರಿನ ತೊಟ್ಟಿಯಿದೆ. ಅದರಲ್ಲಿರುವ ಬಬಲ್ ಟಿಪ್ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಒಂದು ವಾರದಿಂದ ಕಲ್ಲು ಬಿಟ್ಟು ಗಾಜಿನ ಮೇಲೆ ಅಲೆಯುತ್ತಿದೆ. ಕಂದು ಬಣ್ಣ ಮಾಸಿದೆ, ಬಾಯಿ ಅರೆತೆರೆದಿದೆ. ಮುಟ್ಟಿದರೆ ಗ್ರಹಣಾಂಗ ಇನ್ನೂ ಬೆರಳಿಗೆ ಅಂಟುತ್ತದೆ, ಅದೊಂದೇ ಧೈರ್ಯ.

ತಪ್ಪು ನನ್ನದೇ. ದುಡ್ಡು ಉಳಿಸಲು ಮಳೆಗಾಲದಲ್ಲೂ ಕಡಲ ನೀರನ್ನೇ ಸೋಸಿ ತುಂಬಿದೆ. ಕಾಳಿ ನದಿ ಕೆಂಪಗೆ ಹರಿದು ಸೇರುವಾಗ ಆ ನೀರು ಸಪ್ಪೆಯಾಗುತ್ತದೆ ಎಂಬುದು ಬಲೆ ಹಾಕುವವರಿಗೆಲ್ಲ ಗೊತ್ತು, ನನಗೆ ಹೊಳೆಯಲಿಲ್ಲ. ಅಳೆದರೆ ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.019, ಬೇಕಾದದ್ದು 1.025ರ ಆಸುಪಾಸು. ಉಷ್ಣತೆ 26 ಡಿಗ್ರಿ.

ಉಪ್ಪಿನಂಶವನ್ನು ಎಷ್ಟು ದಿನಗಳಲ್ಲಿ ಏರಿಸಲಿ? ಅನಿಮೋನ್‌ಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಒಳಗಿನ ಪಾಚಿ ಮರಳುವ ತನಕ ಸಿಗಡಿ ಚೂರು ತಿನ್ನಿಸಬಹುದೇ, ಬೆಳಕು ತಗ್ಗಿಸಬೇಕೇ? ಅಲೆಯುವಾಗ ಸಿಕ್ಕಿಕೊಳ್ಳದಿರಲೆಂದು ಪಂಪ್‌ನ ಬಾಯಿಗೆ ಸ್ಪಂಜು ಕಟ್ಟಿದ್ದೇನೆ. ಸಾಕಿ ಅನುಭವವಿರುವವರು ದಯವಿಟ್ಟು ಇವತ್ತೇ ತಿಳಿಸಿ.