ಲಾಲ್‌ಬಾಗ್ ಪಕ್ಕ ಮನೆ ಕೊಳ್ಳುವುದಾದರೆ ಏನೇನು ನೋಡಬೇಕು?

ಮನೆ_ಹುಡುಕಾಟ:

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್ ದಕ್ಷಿಣದ ಗೇಟಿನಿಂದ ಅಶೋಕ ಸ್ತಂಭದವರೆಗಿನ ಭಾಗದಲ್ಲಿ ಎರಡು ಜಾಗ ನೋಡಿಟ್ಟಿದ್ದೇವೆ. ಒಂದು, ಉದ್ಯಾನದ ಕಾಂಪೌಂಡಿಗೆ ಎದುರಾಗಿರುವ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿಗೆ ಬಂದರೆ ಬರೀ ಮರಗಳೇ. ಇನ್ನೊಂದು, ಎರಡು ಅಡ್ಡರಸ್ತೆ ಒಳಗೆ 30x40 ಸೈಟಿನಲ್ಲಿ ಹಳೇ ಮನೆ, ಮುಂದೊಂದು ದೊಡ್ಡ ಹೊಂಗೆ ಮರ. ಮನೆಯಲ್ಲಿ ವಯಸ್ಸಾದ ಅಪ್ಪ–ಅಮ್ಮ ಇದ್ದಾರೆ, ಒಂದು ಕಾರು ಇದೆ. ಬ್ರೋಕರ್ ‘ಪಾರ್ಕ್ ಫೇಸಿಂಗ್’ ಅಂತ ಫ್ಲ್ಯಾಟಿಗೆ ಚದರಡಿ ಲೆಕ್ಕದಲ್ಲಿ ಚೆನ್ನಾಗಿಯೇ ಏರಿಸಿದ್ದಾರೆ.

ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಓಡಾಟ ಹೇಗೆ, ಹಳೇ ಮರಗಳಿಂದ ಕಟ್ಟಡಕ್ಕೆ ಏನು ತೊಂದರೆ, ನೀರು ಮತ್ತು ಯುಜಿಡಿ (ಒಳಚರಂಡಿ) ಹೇಗೆ, ದಾಖಲೆಗಳಲ್ಲಿ ಈ ಭಾಗಕ್ಕೇ ವಿಶೇಷವಾಗಿ ಏನು ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸೌತ್‌ಎಂಡ್_ವೃತ್ತ:

ಮೊದಲು ಗೇಟಿನ ದೂರ ಅಳೆಯಿರಿ. ಲಾಲ್‌ಬಾಗ್ 240 ಎಕರೆ, ಸುತ್ತಲೂ ಗೋಡೆ, ಒಳಗೆ ಹೋಗಲು ಕೆಲವೇ ಗೇಟುಗಳು. ಗೋಡೆಗೆ ಎದುರಾಗಿಯೇ ಮನೆ ಇದ್ದರೂ ಗೇಟು ಮುಟ್ಟಲು ಮುಕ್ಕಾಲು ಕಿಲೋಮೀಟರ್ ನಡೆಯಬೇಕಾಗಬಹುದು. ಒಳಗಿನ ಅಡ್ಡರಸ್ತೆಯ ಮನೆಗೆ ಅದೇ ಗೇಟು ಐದು ನಿಮಿಷದ ದಾರಿ ಆಗಿರಬಹುದು. ಅಪ್ಪ–ಅಮ್ಮ ದಿನಾ ನಡೆದು ಹೋಗಬೇಕಾದವರು. ಹಾಗಾಗಿ ಬೆಳಿಗ್ಗೆ ಆರೂವರೆಗೆ ಅವರನ್ನೇ ಕರೆದುಕೊಂಡು ಎರಡೂ ಮನೆಯಿಂದ ಗೇಟಿನ ತನಕ ನಡೆದು ನೋಡಿ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ಟ್ರಾನ್ಸ್‌ಫಾರ್ಮರ್ ಎಲ್ಲಿ ಅಡ್ಡ ಬರುತ್ತದೆ, ರಸ್ತೆ ದಾಟುವ ಕಡೆ ಸಿಗ್ನಲ್ ಇದೆಯೇ, ಕಲ್ಲು ಚಪ್ಪಡಿ ಅಲ್ಲಾಡುತ್ತದೆಯೇ, ಇಷ್ಟು ಗಮನಿಸಿ. ಈ ನಡಿಗೆಯೊಂದರಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಪ್ರದರ್ಶನ ವರ್ಷಕ್ಕೆ ಎರಡು ಸಲ, ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು, ಪ್ರತಿ ಸಲವೂ ಹತ್ತು–ಹನ್ನೆರಡು ದಿನ. ವಾರದ ದಿನಗಳು ಪರವಾಗಿಲ್ಲ. ರಜೆಯ ದಿನ ಮತ್ತು ಶನಿವಾರ–ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ರಾತ್ರಿಯವರೆಗೆ ಕಾರು ಹೊರಗೆ ತೆಗೆಯದಿರುವುದೇ ಮೇಲು. ಸಂಚಾರ ಪೊಲೀಸರು ಪ್ರದರ್ಶನಕ್ಕೆ ಮೊದಲೇ ಸುತ್ತಲಿನ ರಸ್ತೆಗಳ ಪಟ್ಟಿ ಕೊಟ್ಟು ಪಾರ್ಕಿಂಗ್ ನಿಷೇಧಿಸುತ್ತಾರೆ. ಆಗ ಮುಖ್ಯರಸ್ತೆಯಲ್ಲಿ ನಿಲ್ಲಿಸಲಾಗದ ವಾಹನಗಳೆಲ್ಲ ಅಡ್ಡರಸ್ತೆಗೆ ನುಗ್ಗುತ್ತವೆ. ಒಳಗಿನ ಮನೆಯವರಿಗೆ ಇರುವ ಕಷ್ಟ ಇದೊಂದೇ, ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿ ಹೋಗುವುದು. ಗೇಟಿನ ಮುಂದೆ ಎರಡು ಭಾರದ ಕುಂಡ ಇಟ್ಟರೆ, ಬೋರ್ಡ್ ಹಾಕಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಎರಡು ವಾರಗಳಲ್ಲಿ ಮನೆ ಬದಲಾಯಿಸುವುದು, ಮರಳು–ಜಲ್ಲಿ ತರಿಸುವುದು, ಮನೆಯಲ್ಲಿ ಸಮಾರಂಭ ಇಟ್ಟುಕೊಳ್ಳುವುದು ಬೇಡ. ವಯಸ್ಸಾದವರ ಆಸ್ಪತ್ರೆ ತಪಾಸಣೆ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಮುಗಿಸಿ.

ಮೆಟ್ರೊ ಇರುವುದರಿಂದ ಈಗ ಎಷ್ಟೋ ಹಗುರ. ಪಶ್ಚಿಮ ಗೇಟಿನ ಬಳಿ ಲಾಲ್‌ಬಾಗ್ ನಿಲ್ದಾಣ, ನಿಮ್ಮ ಕಡೆಗೆ ಸೌತ್ ಎಂಡ್ ವೃತ್ತದ ನಿಲ್ದಾಣ. 2025ರ ಆಗಸ್ಟಿನಿಂದ ಆರ್‌ವಿ ರಸ್ತೆಯಲ್ಲಿ ಹಳದಿ ಮಾರ್ಗಕ್ಕೂ ಬದಲಾಯಿಸಬಹುದು. ಪ್ರದರ್ಶನದ ಭಾನುವಾರ ಮಾತ್ರ ಲಾಲ್‌ಬಾಗ್ ನಿಲ್ದಾಣ ತುಂಬಿ ತುಳುಕುತ್ತದೆ. ಆ ದಿನ ಸೌತ್ ಎಂಡಿನಲ್ಲೇ ಇಳಿಯಿರಿ.

ನನ್ನ ಸಲಹೆ ಒಳಗಿನ ಮನೆಗೇ. ಗಾಳಿ, ನೆರಳು, ನಡಿಗೆ ಅಲ್ಲೂ ಅಷ್ಟೇ ಸಿಗುತ್ತದೆ. ಬಾಲ್ಕನಿಯ ನೋಟವೊಂದಕ್ಕೆ ಅಷ್ಟು ದುಡ್ಡು ಕೊಟ್ಟು, ಜೊತೆಗೆ ಮುಖ್ಯರಸ್ತೆಯ ಹಾರ್ನನ್ನೂ ಕೊಳ್ಳುವುದು ಲಾಭದ ಮಾತಲ್ಲ.

ಸಂಪು_ಛೇಂಬರ್:

ಹಳೇ ಮನೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಬಣ್ಣ, ಟೈಲ್ಸು ಆಮೇಲೆ. ಮೊದಲು ಛೇಂಬರ್ (ಕೊಳಚೆ ಕೊಳವೆಯ ತಪಾಸಣೆ ಗುಂಡಿ) ಮುಚ್ಚಳ ತೆಗೆಸಿ.

ಜಯನಗರ, ಬಸವನಗುಡಿಯ ಹಳೇ ಮನೆಗಳಲ್ಲಿ ಯುಜಿಡಿಗೆ ಹೋಗುವ ಕೊಳವೆ ಸಾಮಾನ್ಯವಾಗಿ ಸ್ಟೋನ್‌ವೇರ್, ಎರಡು–ಎರಡು ಅಡಿಯ ತುಂಡುಗಳು, ಸಿಮೆಂಟ್ ಜಾಯಿಂಟು. ಆ ಜಾಯಿಂಟಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ತೇವ ಹುಡುಕಿಕೊಂಡು ಬೇರು ಒಳಗೆ ಬರುತ್ತದೆ. ಒಳಗೆ ಬಂದ ಮೇಲೆ ಎಳೆ ಎಳೆಯಾಗಿ ಹರಡಿ, ಎಣ್ಣೆ ಜಿಡ್ಡು, ಅನ್ನದ ಅಗುಳು ಎಲ್ಲವನ್ನೂ ಹಿಡಿದಿಡುತ್ತದೆ. ಲಕ್ಷಣ ಇಷ್ಟು: ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲ ಟ್ರ್ಯಾಪಿನಲ್ಲಿ ಗುಳುಗುಳು ಸದ್ದು, ಜೋರು ಮಳೆಯಲ್ಲಿ ಅಲ್ಲಿಂದಲೇ ನೀರು ಮೇಲೇಳುವುದು, ಛೇಂಬರಿನೊಳಗೆ ಕಂದು ಬಣ್ಣದ ನಾರಿನ ಗೊಂಚಲು.

ಪರೀಕ್ಷೆ ಸುಲಭ. ಮೇಲಿನ ಬಚ್ಚಲಲ್ಲಿ ಎರಡು ಬಕೆಟ್ ನೀರು ಒಮ್ಮೆಲೇ ಸುರಿಸಿ, ರಸ್ತೆ ಬದಿಯ ಕೊನೆಯ ಛೇಂಬರ್ ನೋಡುತ್ತಾ ನಿಲ್ಲಿ. ನೀರು ರಭಸವಾಗಿ ಬಂದು ಹೋದರೆ ಸರಿ. ತಡವಾಗಿ, ಸಣ್ಣಗೆ, ತುಂಬಾ ಹೊತ್ತು ಬರುತ್ತಿದ್ದರೆ ಮಧ್ಯೆ ಕಟ್ಟಿಕೊಂಡಿದೆ. ಜೆಟ್ಟಿಂಗ್ (ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವುದು) ಮಾಡಿಸಿದರೆ ತಾತ್ಕಾಲಿಕವಾಗಿ ಬಿಟ್ಟುಕೊಳ್ಳುತ್ತದೆ, ಜಾಯಿಂಟು ಹಾಗೇ ಇರುವುದರಿಂದ ಬೇರು ಮತ್ತೆ ಬರುತ್ತದೆ. ಮನೆ ಕೊಂಡ ಮೇಲೆ ಇಡೀ ಲೈನನ್ನು 160 ಮಿ.ಮೀ. ಪಿವಿಸಿಗೆ ಬದಲಾಯಿಸಿ, ರಬ್ಬರ್ ರಿಂಗ್ ಜಾಯಿಂಟ್ ಇರುವುದನ್ನೇ ತೆಗೆದುಕೊಳ್ಳಿ. ಇಳಿಜಾರು ನೂರು ಅಡಿಗೆ ಒಂದು ಅಡಿ, ತಿರುವು ಇರುವಲ್ಲೆಲ್ಲ ಒಂದು ಛೇಂಬರ್. ಹೊಂಗೆ ಮರದ ಬುಡ ಅಗೆದು ದಪ್ಪ ಬೇರು ಕಡಿಯಬೇಡಿ, ಮರ ವಾಲುತ್ತದೆ. ಲೈನನ್ನೇ ಇನ್ನೊಂದು ಬದಿಯ ಸೆಟ್‌ಬ್ಯಾಕಿಗೆ ಸರಿಸಿ.

ಟೆರೇಸಿನ ಮಳೆನೀರಿನ ಪೈಪು ಯುಜಿಡಿ ಛೇಂಬರಿಗೆ ಸೇರಿದೆಯೇ ಅಂತಲೂ ನೋಡಿ. ಇಂಥ ಜೋಡಣೆ ನಿಯಮಕ್ಕೆ ವಿರುದ್ಧ. ಕೆಳಮಹಡಿಗೆ ಕೊಳಚೆ ಉಕ್ಕಲು ಮುಖ್ಯ ಕಾರಣವೂ ಇದೇ.

ಮಳೆನೀರು ಹಿಡಿಯುವುದು: ಬೆಂಗಳೂರು ಜಲಮಂಡಳಿ ನಿಯಮದಂತೆ 30x40 ಸೈಟಿನಲ್ಲಿ ಹೊಸದಾಗಿ ಕಟ್ಟಿದರೆ ಕಡ್ಡಾಯ, ಈಗಾಗಲೇ ಕಟ್ಟಿರುವ ಮನೆಗಾದರೆ 40x60ರಿಂದ ಮೇಲೆ. ನಿಮ್ಮದು ಹಳೇ ಮನೆ, ಆದರೂ ಮಾಡಿಸಿ. ಲೆಕ್ಕ ಹೀಗೆ: 800 ಚದರಡಿ ತಾರಸಿ ಅಂದರೆ ಸುಮಾರು 74 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 25 ಮಿ.ಮೀ. ಮಳೆಗೆ 1,850 ಲೀಟರ್, ನಷ್ಟ ಕಳೆದು 1,500–1,600 ಸಿಗುತ್ತದೆ. ಮೊದಲ ಎರಡು ಮಿ.ಮೀ., ಅಂದರೆ 150 ಲೀಟರಿನಷ್ಟು, ಹೊರಗೆ ಬಿಡಬೇಕು. ಅದರಲ್ಲೇ ಹಕ್ಕಿ ಹಿಕ್ಕೆ, ಧೂಳು ಇರುವುದು.

ಲಾಲ್‌ಬಾಗ್ ಸುತ್ತ ಸೋಲುವುದು ಎಲೆಯಿಂದ. ಮಳೆಮರದ ಎಲೆ ಸಣ್ಣ ಸಣ್ಣ ದಳವಾಗಿ ಉದುರಿ ಮಾಮೂಲಿ ಜಾಲಿಯ ಸಂದಿಯಲ್ಲಿ ಇಳಿದುಬಿಡುತ್ತದೆ. ನುಣ್ಣನೆಯ ಜಾಲಿ ಹಾಕಿದರೆ ಅದೇ ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಪೈಪಿನ ಬಾಯಿಗೆ ಗುಮ್ಮಟದಂಥ ದೊಡ್ಡ ಕಣ್ಣಿನ ಜಾಲಿ, ಕೆಳಗೆ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಹಾಕುವ ಫಿಲ್ಟರ್. ಇಳಿಯುವ ಪೈಪು ಮೂರು ಇಂಚಿನದಿದ್ದರೆ ನಾಲ್ಕು ಇಂಚಿಗೆ ಏರಿಸಿ. ಏಪ್ರಿಲ್ ಮೊದಲ ವಾರ ಒಂದು ಸಲ ಪೂರ್ತಿ ತೊಳೆಸಿ. ಆ ಹೊತ್ತಿಗೆ ಎಲೆ ಉದುರುವುದು ಮುಗಿದಿರುತ್ತದೆ, ಮುಂಗಾರುಪೂರ್ವ ಮಳೆ ಶುರುವಾಗುವುದರಲ್ಲಿರುತ್ತದೆ.

ಇಂಗುಗುಂಡಿ ತೋಡಿಸುವ ಮೊದಲು ಬಂಡೆ ಎಷ್ಟು ಆಳದಲ್ಲಿದೆ ಅಂತ ಅಕ್ಕಪಕ್ಕದಲ್ಲಿ ಕೇಳಿ. ಲಾಲ್‌ಬಾಗಿನ ಒಳಗೆ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ 300 ಕೋಟಿ ವರ್ಷದ ಹಿಂದಿನದು, ಅದು ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. ಕೆಲವು ಸೈಟುಗಳಲ್ಲಿ ಆರೇಳು ಅಡಿಗೇ ಕಲ್ಲು ತಾಗಬಹುದು. ಮೂರಡಿ ತೋಡಿ ನೀರು ತುಂಬಿಸಿ. ಮರುದಿನವೂ ಅರ್ಧ ನಿಂತಿದ್ದರೆ ಇಂಗುಗುಂಡಿ ಅಲ್ಲಿ ಪ್ರಯೋಜನವಿಲ್ಲ, ಸಂಪಿಗೇ ತಿರುಗಿಸಿ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ.

ಹೊಂಗೆ_ನೆರಳು:

ಮೇಲಿನವರು ಮರವನ್ನು ತೊಂದರೆಯ ಪಟ್ಟಿಯಲ್ಲಿ ಸೇರಿಸಿಬಿಟ್ಟರೋ ಏನೋ ಅನ್ನಿಸಿತು, ಅದಕ್ಕೆ ಇನ್ನೊಂದು ಮಾತು. ಮನೆ ಮುಂದಿನ ಹೊಂಗೆ ದೊಡ್ಡ ಆಸ್ತಿ, ಪಶ್ಚಿಮದ ಬಿಸಿಲು ತಡೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ. ಕಾಂಕ್ರೀಟ್ ಬುಡಕ್ಕೇ ಒತ್ತಿದ್ದರೆ ಒಡೆಸಿ. ನೀರು, ಗಾಳಿ ಸಿಗದ ಬೇರು ಮೇಲಕ್ಕೆ ಬಂದು ಕಾಂಪೌಂಡ್ ಸೀಳುತ್ತದೆ.

ಭಯ ಪಡಬೇಕಾದ್ದು ಗುಲ್‌ಮೊಹರ್ ಮತ್ತು ಹಳದಿ ಹೂವಿನ ಪೆಲ್ಟೋಫೋರಂ ಕೊಂಬೆಗಳಿಗೆ. ಏಪ್ರಿಲ್–ಮೇ ತಿಂಗಳ ಬಿರುಮಳೆಗೆ ಅವು ಸಲೀಸಾಗಿ ಮುರಿಯುತ್ತವೆ. ಕೊಂಬೆ ತೊಟ್ಟಿನ ಬಳಿ ಅಣಬೆ, ಪೊಟರೆ, ಅಂಟು ಸೋರುವುದು ಕಂಡರೆ ಮಾರ್ಚಿಯಲ್ಲೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೊ ಸಮೇತ ಅರ್ಜಿ ಕೊಡಿ. ಸ್ವಂತ ಕಾಂಪೌಂಡಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂ 1912. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕೊಂಬೆ ಬಿದ್ದ ನಷ್ಟ ಸಿಗುವುದಿಲ್ಲ, ಕಾಂಪ್ರಹೆನ್ಸಿವ್ ಬೇಕು.

ಇನ್ನು ಫ್ಲ್ಯಾಟ್. ಉದ್ಯಾನದ ಎದುರಿನ ಎತ್ತರದ ಕಟ್ಟಡಗಳ ಬಾಲ್ಕನಿ ಅಡಿಗೆ, ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟುವುದು ಮಾಮೂಲು. ಹೂವಿನ ಕಾಲ ಮುಗಿದ ಮೇಲೆ ಅವು ತಾವಾಗಿಯೇ ಎದ್ದು ಹೋಗುತ್ತವೆ. ಅಲ್ಲಿಯವರೆಗೆ ಆ ಬಾಲ್ಕನಿಯ ದೀಪ ರಾತ್ರಿ ಹಾಕಬೇಡಿ, ಬೆಳಕಿಗೆ ಹುಳು ಮನೆಯೊಳಗೆ ಬರುತ್ತದೆ. ಬಾಗಿಲಿಗೆ ಸೊಳ್ಳೆಪರದೆಯ ಜಾಲಿ ಹಾಕಿಸಿ. ಹೊಗೆ ಹಾಕುವುದು, ಔಷಧಿ ಹೊಡೆಯುವುದು ಬೇಡವೇ ಬೇಡ. ಕೆರಳಿದರೆ ಕೆಳಗೆ ನಡೆಯುವವರ ಮೇಲೂ ಎರಗುತ್ತವೆ. ತೆಗೆಸಲೇಬೇಕಾದ ಜಾಗವಾದರೆ ಜೇನು ಸ್ಥಳಾಂತರಿಸುವವರನ್ನು ಕರೆಸಿ. ಮುಂಚೆ ಕಟ್ಟಿದ್ದ ಜಾಗದಲ್ಲಿ ಕಪ್ಪು ಮೇಣದ ಕಲೆ ಉಳಿದಿರುತ್ತದೆ. ಫ್ಲ್ಯಾಟ್ ನೋಡಲು ಹೋದಾಗ ಮೇಲಿನ ಬಾಲ್ಕನಿಯ ತಳವನ್ನೊಮ್ಮೆ ಕತ್ತೆತ್ತಿ ನೋಡಿ.

ಪಾರ್ಕಿಂಗ್ ಜಾಗ ಅತ್ತಿ ಅಥವಾ ಗಸಗಸೆ ಹಣ್ಣಿನ ಮರದ ಕೆಳಗಿದ್ದರೆ ಬಾವಲಿ ಹಿಕ್ಕೆ ದಿನಾ ಬೀಳುತ್ತದೆ. ಒಣಗಿದ್ದನ್ನು ಕೆರೆಯದೆ ಒದ್ದೆ ಬಟ್ಟೆ ಹಾಕಿ ನೆನೆಸಿ ಒರೆಸಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ.

ಸೌತ್‌ಎಂಡ್ ಅವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮಂಡಿನೋವಿನಿಂದ ದಿನಾ ಹೊರಗೆ ಹೋಗಲಾಗದ ಹಿರಿಯರಿಗೆ ಬಾಲ್ಕನಿಯಿಂದ ಕಾಣುವ ಮರಗಳೇ ಉದ್ಯಾನ. ಲಿಫ್ಟ್ ಸರಿಯಿದ್ದು ಅದಕ್ಕೆ ಜನರೇಟರ್ ಸಂಪರ್ಕವಿದ್ದರೆ, ಫ್ಲ್ಯಾಟಿನ ಪರವಾಗಿ ಇದು ತೂಕದ ಕಾರಣ.

ದಾಖಲೆ_ನೋಡಿ:

ಚಿಕ್ಕದಾಗಿ ಹೇಳುತ್ತೇನೆ.

ಹಳೇ ಮನೆಗೆ: ಜಯನಗರದ ಶಂಕುಸ್ಥಾಪನೆ ಆದದ್ದು 1948ರಲ್ಲಿ, ಹಳೇ ಸೈಟುಗಳನ್ನು ಹಂಚಿದ್ದು ಸಿಐಟಿಬಿ (ನಗರ ಸುಧಾರಣಾ ಮಂಡಳಿ). 1976ರಲ್ಲಿ ಅದರ ಜಾಗಕ್ಕೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಂತು. ಆದ್ದರಿಂದ ಮೂಲ ಹಂಚಿಕೆ ಪತ್ರ ಮತ್ತು ಅದರ ಮೇಲಿನ ಶುದ್ಧ ಕ್ರಯಪತ್ರ ಎರಡನ್ನೂ ಕೇಳಿ. ಇ.ಸಿ. (ಋಣಭಾರ ಪ್ರಮಾಣಪತ್ರ) ಆನ್‌ಲೈನಿನಲ್ಲಿ 2004ರ ಏಪ್ರಿಲಿನಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ಈ ಭಾಗದಲ್ಲಿ ವ್ಯವಹಾರ ಕೆಡುವುದು ಹೆಚ್ಚಾಗಿ ವಾರಸುದಾರರಿಂದ. ವಂಶವೃಕ್ಷ ನೋಡಿ, ವಿದೇಶದಲ್ಲಿರುವ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರ ಸಹಿ ಇದೆಯೇ ಖಚಿತಪಡಿಸಿಕೊಳ್ಳಿ. ಇ–ಖಾತೆಯಲ್ಲಿರುವ ಅಳತೆ ಮತ್ತು ಸ್ಥಳದ ಅಳತೆ ತಾಳೆ ಆಗಬೇಕು.

ಫ್ಲ್ಯಾಟಿಗೆ: ಓಸಿ (ವಾಸಯೋಗ್ಯ ಪ್ರಮಾಣಪತ್ರ), ಮಂಜೂರಾದ ನಕ್ಷೆ, ಅವಿಭಜಿತ ಭೂಮಿಯ ಪಾಲು. ನಕ್ಷೆಯಲ್ಲಿ ಎಷ್ಟು ಮಹಡಿ, ನಿಂತಿರುವುದು ಎಷ್ಟು, ಎಣಿಸಿ. ಕಟ್ಟಡ ಕೆರೆಯ ಬದಿಗಿದ್ದರೆ ಮೀಸಲು ವಲಯವನ್ನೂ (ಕೆರೆಯಂಚಿನಿಂದ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ನೋಡಿಸಿ. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿದ್ದ 75 ಮೀಟರನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಕಟ್ಟಡ ಮಂಜೂರಾದ ದಿನಾಂಕಕ್ಕೆ ಯಾವ ನಿಯಮ ಜಾರಿಯಲ್ಲಿತ್ತು ಅನ್ನುವುದನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ.

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗ್ ಬಳಿ ಒಳಹೋಗುವ–ಹೊರಬರುವ ದಾರಿ ತೋರಿಸಿದ್ದು, 2025ರಲ್ಲಿ ಅದಕ್ಕೆ ದೊಡ್ಡ ವಿರೋಧ ಬಂದದ್ದು ನಿಮಗೆ ಗೊತ್ತಿರುತ್ತದೆ. ಮುಂಗಡ ಕೊಡುವ ಮೊದಲು ಈಗಿನ ನಕ್ಷೆಯಲ್ಲಿ ನಿಮ್ಮ ಎರಡು ಜಾಗ ಎಲ್ಲಿ ಬೀಳುತ್ತವೆ ಅಂತ ಗುರುತು ಮಾಡಿಸಿ. ಬ್ರೋಕರ್ ಬಾಯಿಮಾತು ಸಾಲದು.

ಮನೆ_ಹುಡುಕಾಟ:

ಎಲ್ಲರಿಗೂ ತುಂಬಾ ಧನ್ಯವಾದ. ಸಂಪು_ಛೇಂಬರ್ ಅವರೇ, ಹಳೇ ಮನೆಯ ಸಂಪು ಹೊಂಗೆ ಮರದಿಂದ ಆರೇ ಅಡಿ ದೂರ, ಯುಜಿಡಿ ಲೈನೂ ಪಕ್ಕದಲ್ಲೇ ಹೋಗಿದೆ. ಸೋರುತ್ತಿದೆಯೇ ಇಲ್ಲವೇ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಸಂಪು_ಛೇಂಬರ್:

ಎರಡು ರಾತ್ರಿ ಬೇಕು, ಮನೆಯವರ ಒಪ್ಪಿಗೆ ಪಡೆಯಿರಿ. ಮೊದಲ ರಾತ್ರಿ ಸಂಪು ತುಂಬಿಸಿ, ಕಾವೇರಿ ನೀರಿನ ವಾಲ್ವ್ ಮುಚ್ಚಿ, ಮೋಟರ್ ಸ್ವಿಚ್ ತೆಗೆದು, ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಗೀಟು ಹಾಕಿ. ಹನ್ನೆರಡು ಗಂಟೆ ಬಿಟ್ಟು ನೋಡಿ. ಮುಚ್ಚಿದ ಸಂಪಿನಲ್ಲಿ ಆವಿಯಾಗುವುದು ಲೆಕ್ಕಕ್ಕಿಲ್ಲ. 6x5 ಅಡಿಯ ಸಂಪಿನಲ್ಲಿ ಒಂದು ಸೆಂ.ಮೀ. ಇಳಿದರೂ ಸುಮಾರು 28 ಲೀಟರ್ ಹೋಗಿದೆ ಅಂತ ಅರ್ಥ. ಒಂದು ಮಟ್ಟಕ್ಕೆ ಬಂದು ಇಳಿಯುವುದು ನಿಂತರೆ ಬಿರುಕು ಆ ಎತ್ತರದಲ್ಲೇ ಇದೆ, ರಿಪೇರಿ ಆಗುತ್ತದೆ.

ಎರಡನೇ ರಾತ್ರಿ ತಳದಲ್ಲಿ ಒಂದಡಿ ಮಾತ್ರ ಉಳಿಸಿ, ಹಾಗೇ ಗೀಟು ಹಾಕಿ ಬಿಡಿ. ಮಟ್ಟ ಏರಿದರೆ ಹೊರಗಿನ ನೀರು ಒಳಗೆ ಬರುತ್ತಿದೆ, ಪಕ್ಕದಲ್ಲಿ ಯುಜಿಡಿ ಇರುವುದರಿಂದ ಅದು ಕೊಳಚೆಯೇ ಇರಬಹುದು. ಆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಕೋಲಿಫಾರ್ಮ್ (ಕೊಳಚೆ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಕೋಲಿಫಾರ್ಮ್ ಸಿಕ್ಕರೆ ಆ ಸಂಪಿಗೆ ಒಳಗಿನಿಂದ ಲೇಪ ಹಚ್ಚಿ ಉಳಿಸಿಕೊಳ್ಳುವ ಯೋಚನೆ ಬೇಡ. ಮರದಿಂದಲೂ ಲೈನಿನಿಂದಲೂ ದೂರದ ಮೂಲೆಯಲ್ಲಿ ಹೊಸ ಆರ್‌ಸಿಸಿ ಸಂಪಿಗೆ ಆಗುವ ಖರ್ಚನ್ನು ಮನೆಯ ಬೆಲೆಯಲ್ಲೇ ಇಳಿಸಿ ಮಾತಾಡಿ.