ಗೌಜಲಕ್ಕಿ ಫೋಟೋ ತೆಗೆಯೋದು ಹೆಂಗೆ? ಗೊತ್ತಿರೋರು ಸ್ವಲ್ಪ ಹೇಳಿ

ಗುಬ್ಬಿ ತೋಟದವ:
ಎಲ್ರಿಗೂ ನಮಸ್ಕಾರ. ನಮ್ದು ಗುಬ್ಬಿ ತಾಲೂಕು, ತೆಂಗಿನ ತೋಟ, ಅದ್ರಾಚೆ ಎರಡೆಕ್ರೆ ರಾಗಿ ಹೊಲ, ಹೊಲದಾಚೆ ಬಂದಾರೆ ತಂಗಡಿ ಬೆಳ್ದಿರೋ ಕಲ್ಲುಗುಡ್ಡ. ಹೋದ ದೀಪಾವಳಿಗೆ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ತಗೊಂಡೆ, ಜೊತೆಗೆ ದೂರದ್ದನ್ನ ಹತ್ರ ತೋರಿಸೋ 70-300 ಎಂಎಂ ಲೆನ್ಸು. ಇಂಗ್ಲೆಂಡಿನೋರು ಸ್ಪ್ರಿಂಗಲ್ಲಿ ಹಸಿರು ಹೊಲದ ನಡುವೆ ಫೆಸೆಂಟ್ ಅನ್ನೋ ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ ನಿಂತಿರೋ ಫೋಟೋ ಹಾಕ್ತಾರಲ್ಲ, ಅದನ್ನ ನೋಡಿ ನೋಡಿ ನಮ್ಮ ಕಡೆ ಅಂಥದ್ದೇನೈತೆ ಅಂದ್ಕೊಂಡಾಗ ಹೊಳೆದಿದ್ದು ಗೌಜಲಕ್ಕಿ. ಈಗ ಯುಗಾದಿ ಹತ್ರ ಬಂತು, ಬೆಳಗ್ಗೆ ಆರಕ್ಕೆಲ್ಲ ಬದಿನ ಮೇಲೆ ನಿಂತು ಊರಿಗೆಲ್ಲ ಕೇಳೋ ಹಂಗೆ ಕೂಗುತ್ತೆ. ಆದ್ರೆ ನಾನು ಮೂವತ್ತು ಹೆಜ್ಜೆ ದೂರ ಇರೋವಾಗ್ಲೇ ಓಡಿ ಬೇಲಿಗೆ ನುಗ್ಗುತ್ತೆ, ಇನ್ನೂ ಹತ್ರ ಹೋದ್ರೆ ಬುರ್ರಂತ ಹಾರುತ್ತೆ, ಎರಡು ವಾರದಿಂದ ಸಿಕ್ಕಿರೋದೆಲ್ಲ ಬರೀ ಬೆನ್ನು. ಲೆನ್ಸ್ ಸಾಲ್ದಾ? 600ದು ತಗೋಬೇಕಾ?

ಮಧುಗಿರಿ ಬಯಲು:
ಲೆನ್ಸ್ ಸಾಕು ಕಣಣ್ಣ, ದುಡ್ಡು ಸುರೀಬೇಡ. ನೀನು ಅದರ ಕಡೆಗೆ ನಡ್ಕೊಂಡು ಹೋಗ್ತಿದೀಯಲ್ಲ, ಅಲ್ಲೇ ತಪ್ತಿರೋದು. ಗೌಜಲಕ್ಕಿಗೆ ನಂಬಿಕೆ ಕಾಲಿನ ಮೇಲೆ, ಮನುಷ್ಯ ಬರ್ತಿದಾನೆ ಅಂದ್ರೆ ಮೊದ್ಲು ಓಡುತ್ತೆ, ಓಡಕ್ಕಾಗ್ದೆ ಇದ್ರೆ ಮಾತ್ರ ಹಾರುತ್ತೆ. ಅದು ದಿನಾ ಒಂದೇ ದಾರೀಲಿ ಓಡಾಡೋ ಹಕ್ಕಿ, ರಾತ್ರಿ ಮುಳ್ಳಿನ ಗಿಡದ ಮೇಲೆ ಕೂತಿರುತ್ತೆ, ಬೆಳಕು ಹರಿದ್ಮೇಲೆ ಇಳಿದು ಬದಿನ ಮೇಲೆ ಬಂದು ಕೂಗುತ್ತೆ, ಆಮೇಲೆ ಕೂಳೆ ಮಧ್ಯ ಮೇಯುತ್ತೆ. ಒಂದೆರಡು ದಿನ ಕ್ಯಾಮೆರಾ ಮನೇಲಿಟ್ಟು ದೂರದಿಂದ ಬರೀ ನೋಡು, ಯಾವ ಕಲ್ಲಿನ ಮೇಲೆ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಆಮೇಲೆ ಕತ್ತಲಿರೋವಾಗ್ಲೇ ಹೋಗಿ, ಸೂರ್ಯ ನಿನ್ನ ಬೆನ್ನಿಗಿರೋ ಹಂಗೆ, ಒಂದು ಕರೀ ಕಂಬಳಿ ಹೊದ್ಕೊಂಡು ನೆಲದ ಮೇಲೆ ಕೂತ್ಕೋ. ನಿಂತು ತೆಗೆದ್ರೆ ಹಕ್ಕಿ ಹಿಂದೆ ಬರೀ ಮಣ್ಣು ಬರುತ್ತೆ, ಹಕ್ಕಿ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸಿದ್ರೆ ಹಿಂದಿನ ಹೊಂಗೆ ಚಿಗುರೆಲ್ಲ ಹಸಿರಾಗಿ ಕರಗುತ್ತೆ, ನೀನು ಕೇಳ್ತಿರೋ ಫೋಟೋ ಅದೇ ಅಲ್ವಾ?

ಇನ್ನೊಂದು, ಒಂಬತ್ತರ ಮೇಲೆ ಕೂರೋದು ವೇಸ್ಟು. ಬಿಸಿಲಿಗೆ ನೆಲ ಕಾದು ಗಾಳಿ ಕುಣಿಯೋಕೆ ಶುರುವಾಗುತ್ತೆ, ಎಷ್ಟು ದೊಡ್ಡ ಲೆನ್ಸ್ ಹಾಕಿದ್ರೂ ದೂರದ್ದೆಲ್ಲ ಮಸುಕೇ. ಮೈದನಹಳ್ಳಿ ಜಯಮಂಗಲಿ ಕೃಷ್ಣಮೃಗ ಮೀಸಲಿಗೆ ಮೊದಲ ಸಲ ಹೋದಾಗ ಹತ್ತೂವರೆಗೆ ತೆಗೆದ ಒಂದು ಫೋಟೋನೂ ಕೆಲಸಕ್ಕೆ ಬರಲಿಲ್ಲ. 798 ಎಕರೆ ಬಟಾಬಯಲು ಅದು, ಬೆಳಗಿನ ಬೆಳಕಲ್ಲೇ ಹೋಗ್ಬೇಕು. ಈಗ ಅಲ್ಲಿಗೂ ಒಳ್ಳೆ ಟೈಮು, ದೊಡ್ಡ ಗಂಡು ಜಾಗ ಹಿಡಿದು ಮೂತಿ ಮೇಲೆತ್ತಿ ಕೊಂಬು ಬೆನ್ನಿಗೆ ತಾಗೋ ಹಂಗೆ ನಡೆಯುತ್ತೆ. ಕಪ್ಪು ಬೆನ್ನು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿ ಹೊಟ್ಟೆಯ ಬಿಳೀಲಿ ಏನೂ ಕಾಣದ ಹಂಗೆ ಮಾಡಿಬಿಡುತ್ತೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸ್ಕೋ. ಕಾರಿಂದ ಇಳೀಬೇಡ, ಕಾರಿಗೆ ಹೆದರದ ಜಿಂಕೆ ಮನುಷ್ಯ ಕಾಲು ನೆಲಕ್ಕಿಟ್ಟ ತಕ್ಷಣ ಓಡುತ್ತೆ.

ನಂದಿ ತಪ್ಪಲು:
ಚಿಕ್ಕಬಳ್ಳಾಪುರದಿಂದ. ಫೆಸೆಂಟ್ ಇಲ್ಲ ಅಂತ ಬೇಜಾರಾಗ್ಬೇಡಿ ಅಣ್ಣ, ಗೌಜಲಕ್ಕಿ, ಬುರ್ಲಿ, ಕಾಡುಕೋಳಿ, ನವಿಲು ಎಲ್ಲಾ ಅದೇ ವಂಶದ್ದೇ. ಇಂಗ್ಲೆಂಡಿನ ಆ ಹಕ್ಕೀನೂ ಅಲ್ಲಿ ಹುಟ್ಟಿದ್ದಲ್ಲ, ಏಷ್ಯಾದಿಂದ ತಂದು ಬಿಟ್ಟಿದ್ದು. ಅಲ್ಲಿಯ ಗಂಡು ವಸಂತದಲ್ಲಿ ಒಂದು ಎತ್ತರದ ಜಾಗ ಹಿಡಿದು ಕೂಗಿ, ಕೂಗಿದ ಮೇಲೆ ಪಟಪಟ ರೆಕ್ಕೆ ಬಡಿಯುತ್ತೆ, ಅಲ್ಲಿನೋರು ಕಾಯೋದು ಆ ಕ್ಷಣಕ್ಕೇ. ನೀವೂ ಕೂಗು ಶುರುವಾದ ಕೂಡ್ಲೇ ರೆಡಿಯಾಗಿರಿ, ಕೊಕ್ಕು ತೆರೆದು ಕತ್ತು ಚಾಚಿದಾಗ ಗಂಟಲ ಸುತ್ತ ಇರೋ ಕರೀ ಗೆರೆ ಚೆನ್ನಾಗಿ ಕಾಣುತ್ತೆ.

ಒಂದು ಮಾತ್ರ ದಯವಿಟ್ಟು ಕೇಳಿ. ಗೌಜಲಕ್ಕಿ ನೆಲದ ಮೇಲೇ ಮೊಟ್ಟೆ ಇಡೋದು, ಈಗಿಂದ ಅದರ ಕಾಲ ಶುರು. ಗೂಡು ಕಂಡ್ರೆ ಹಂಗೇ ವಾಪಸ್ ಬಂದ್ಬಿಡಿ. ಮೂರು ವರ್ಷದ ಹಿಂದೆ ನಮ್ಮೂರ ಕೆರೆ ಅಂಗಳದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ ನೋಡಿದ್ದೆ, ತಾಯಿ ನೀರಲ್ಲಿ ಹೊಟ್ಟೆಗರಿ ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡೋದು, ಅದು ಎಷ್ಟು ಚಂದ ಅಂದ್ರೆ ನಾನು ಮೂರು ದಿನ ಬಿಡ್ದೆ ಹೋದೆ, ಹೋದಾಗೆಲ್ಲ ಅದು ಎದ್ದು ಕಿರುಚ್ಕೊಂಡು ನನ್ನ ತಲೆ ಮೇಲೇ ಸುತ್ತೋದು. ನಾಲ್ಕನೇ ದಿನ ಹೋದ್ರೆ ಮೊಟ್ಟೆ ಇಲ್ಲ, ಪಕ್ಕದಲ್ಲಿ ಕಾಗೆ. ಆ ಫೋಟೋಗಳನ್ನ ಇವತ್ತಿಗೂ ಯಾರಿಗೂ ತೋರಿಸಿಲ್ಲ. ಮೊಬೈಲಲ್ಲಿ ಕೂಗು ಹಾಕಿ ಕರೆಯೋದೂ ಬೇಡ, ಜಾಗ ಕಾಯೋ ಗಂಡು ಅದು, ಇಲ್ಲದ ಶತ್ರು ಹುಡುಕ್ಕೊಂಡು ಒದ್ದಾಡುತ್ತೆ.

ಮಧುಗಿರಿ ಬಯಲು:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಫೋಟೋ ಹಾಕೋವಾಗ ಹೊಲದ ಹೆಸರು ಬರೀಬೇಡ, ಲೊಕೇಶನ್ ಆಫ್ ಮಾಡು. ಗೌಜಲಕ್ಕಿಗೆ ಉರುಲು ಹಾಕೋರು, ಪಂಜರದಲ್ಲಿ ಒಂದನ್ನ ಸಾಕಿ ಅದರ ಕೂಗಿಂದ ಕಾಡಿನದ್ನ ಹಿಡಿಯೋರು ಈಗ್ಲೂ ಅವ್ರೆ. ಬದಿನಲ್ಲಿ ಉರುಲು ಕಂಡ್ರೆ ಕಿತ್ತಾಕಿ ಅರಣ್ಯ ಇಲಾಖೆಗೆ ಫೋನ್ ಮಾಡು.

ಗುಬ್ಬಿ ತೋಟದವ:
ಒಂಬತ್ತು ದಿನ ಆಯ್ತು, ಬರೀಲೇಬೇಕು ಅನ್ನಿಸ್ತು. ನಾಲ್ಕು ದಿನ ಕ್ಯಾಮೆರಾ ಮುಟ್ಟಲಿಲ್ಲ. ಡ್ರಿಪ್ ಪೈಪ್ ಸೋರೋ ಜಾಗಕ್ಕೆ ಆರೂವರೆಗೆ ಒಂದು ಜೋಡಿ ನೀರಿಗೆ ಬರುತ್ತೆ ಅಂತ ಗೊತ್ತಾಯ್ತು. ನಮ್ಮಜ್ಜನ ಕಂಬಳಿ ಹೊದ್ದು ಮೂರು ದಿನ ಕೂತೆ, ಎರಡು ದಿನ ಬರ್ಲೇ ಇಲ್ಲ. ಇವತ್ತು ಬಂತು, ಹನ್ನೆರಡು ಹೆಜ್ಜೆ ದೂರ. ಗಂಡು ಕೊಕ್ಕು ಅದ್ದಿ ತಲೆ ಎತ್ತಿದಾಗ ಒಂದು ಹನಿ ಕೊಕ್ಕಿನ ತುದೀಲಿ ಹಂಗೇ ನೇತಾಡ್ತಿತ್ತು, ಕಾಲು ಕೆಂಪು, ಕಾಲಲ್ಲಿ ಮುಳ್ಳಿನಂಥ ಉಗುರು. ಎದೆ ಮೇಲಿನ ಸಣ್ಣ ಸಣ್ಣ ಗೆರೆ ಎಣಿಸಬಹುದಾಗಿತ್ತು, ನನ್ನ 70-300ಲ್ಲೇ. ಆಮೇಲೆ ಎರಡೂ ಹಂಗೇ ಪಕ್ಕದ ಧೂಳಲ್ಲಿ ಮೈ ಹೊರಳಿಸ್ಕೊಂಡು ಹೋದ್ವು, ನಾನು ಬಟನ್ ಒತ್ತೋದನ್ನೂ ಬಿಟ್ಟು ನೋಡ್ತಾ ಕೂತೆ. ಪೈಪ್ ರಿಪೇರಿ ಮಾಡ್ಬೇಕು ಅಂತ ಅಪ್ಪ ಹೇಳ್ತಿದ್ರು, ಮಳೆ ಬರೋವರೆಗೂ ಹಂಗೇ ಇರ್ಲಿ ಅಂತ ಒಪ್ಪಿಸಿದೀನಿ.