ಪದಚರ್ಚೆ: ಗೇಮ್‌ನಲ್ಲಿರುವ ಕಾರಿಗೆ ‘ಪರವಾನಗಿ’ ಅನ್ನಬಹುದೇ?

ಗೆಳೆಯರೇ,

ಕಾರ್ ರೇಸಿಂಗ್ ಗೇಮ್‌ಗಳ ಬಗ್ಗೆ ಬಂದ ಒಂದು ಬರಹ ತಿದ್ದುತ್ತಿದ್ದೇನೆ. ಬರೆದ ಹುಡುಗನಿಗೆ ವಿಷಯ ಚೆನ್ನಾಗಿ ಗೊತ್ತು, ಕನ್ನಡವೂ ಸೊಗಸಾಗಿದೆ. ಒಂದು ವಾಕ್ಯ ಮಾತ್ರ ಒಪ್ಪಿಗೆಯಾಗುತ್ತಿಲ್ಲ: “ಫೋರ್ಜಾ ಮೋಟರ್‌ಸ್ಪೋರ್ಟ್ 7ರಲ್ಲಿ ಪರವಾನಗಿ ಪಡೆದ 700ಕ್ಕೂ ಹೆಚ್ಚು ಕಾರುಗಳಿವೆ.”

ಗೇಮ್ ಆಡದವರಿಗೆ ಇದನ್ನು ಓದಿ ಹೇಳಿ ನೋಡಿ. ಆರ್‌ಟಿಒದಲ್ಲಿ ಪಾಸಾದ ಕಾರುಗಳು ಅಂದುಕೊಳ್ಳುತ್ತಾರೆ. ಇಲ್ಲಿ ಲೈಸೆನ್ಸ್ ಪಡೆದವರು ಗೇಮ್ ಮಾಡಿದವರು, ಕೊಟ್ಟವರು ಕಾರ್ ಕಂಪನಿಯವರು. ಸರ್ಕಾರದ ಮಾತೇ ಬರೋದಿಲ್ಲ. ನಮ್ಮಲ್ಲಿ ಪರವಾನಗಿ ಅಂದರೆ ಬಂದೂಕಿಗೆ, ಬಾರಿಗೆ, ಕಟ್ಟಡಕ್ಕೆ, ಗಾಡಿ ಓಡಿಸೋಕೆ ಮೇಲಿನವರು ಕೊಡುವ ಅಪ್ಪಣೆ. ನಿಯಮದಂತೆ ಎಲ್ಲ ಸರಿಯಿದ್ದೂ ಕೊಡದಿದ್ದರೆ ಜಗಳ ಮಾಡಬಹುದು, ಕೋರ್ಟಿಗೂ ಹೋಗಬಹುದು. ಫೆರಾರಿಯವರು ನಮ್ಮ ಹೆಸರು ಕೊಡಲ್ಲ ಅಂದರೆ ಏನು ಮಾಡ್ತೀರಿ? ಸುಮ್ನೆ ವಾಪಸ್ ಬರಬೇಕು, ಅಷ್ಟೇ.

ಪದ ಹುಡುಕುವ ಮೊದಲು ಅಲ್ಲಿ ನಡೆಯುವ ವ್ಯವಹಾರ ಏನು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಚರ್ಚೆ ಬರೀ ನಿಘಂಟಿನ ಸುತ್ತ ತಿರುಗುತ್ತದೆ.

ಗೇಮ್‌ನಲ್ಲಿ ಒಂದು ಅಸಲಿ ಕಾರು ಇರಬೇಕಾದರೆ ಕೇಳಿ ಪಡೆಯಬೇಕಾದ್ದು ಒಂದೆರಡಲ್ಲ. ಕಂಪನಿಯ ಹೆಸರು, ಮಾಡೆಲ್ಲಿನ ಹೆಸರು, ಬಾನೆಟ್ ಮೇಲಿನ ಲಾಂಛನ, ಕೊನೆಗೆ ಕಾರಿನ ಆಕಾರ ಕೂಡ. ಮೊದಲೆಲ್ಲ ಇಷ್ಟು ಬಿಗಿ ಇರಲಿಲ್ಲ. 1986ರಲ್ಲಿ ಸೆಗಾ ಕಂಪನಿ ತಂದ ‘ಔಟ್ ರನ್’ ಗೇಮ್‌ನ ಕೆಂಪು ಕಾರು ನೋಡಿದವರಿಗೆಲ್ಲ ಅದು ಫೆರಾರಿ ಟೆಸ್ಟರೋಸಾ ಅಂತ ಗೊತ್ತಾಗುತ್ತಿತ್ತು. ಫೆರಾರಿಯ ಜೊತೆ ಒಪ್ಪಂದ ಮಾತ್ರ ಇರಲಿಲ್ಲ. 2003ರ ‘ಔಟ್ ರನ್ 2’ ಹೊತ್ತಿಗೆ ಫೆರಾರಿಯನ್ನು ಕೇಳಿಯೇ ಮಾಡಿದರು. ಮುಂದೆ ಹಳೆಯ ಗೇಮನ್ನು ಮತ್ತೆ ಹೊರತಂದಾಗ ಕಾರಿನ ಚಹರೆಯನ್ನೇ ಸ್ವಲ್ಪ ಬದಲಿಸಿಬಿಟ್ಟರು. 1997ರ ಕೊನೆಯಲ್ಲಿ ಜಪಾನಿನಲ್ಲಿ ‘ಗ್ರ್ಯಾನ್ ಟೂರಿಸ್ಮೊ’ ಬಂತು. ಅಸಲಿ ಕಾರುಗಳೇ ಅದರ ಬಂಡವಾಳ. ಅಲ್ಲಿಂದ ಈಚೆಗೆ ಈ ಒಪ್ಪಂದಗಳಿಲ್ಲದೆ ದೊಡ್ಡ ರೇಸಿಂಗ್ ಗೇಮ್ ಮಾಡೋದೇ ಕಷ್ಟ ಅನ್ನೋ ಹಾಗಾಯಿತು.

ಒಪ್ಪಂದ ಆದ ಮೇಲೂ ಕೆಲಸ ಮುಗಿಯೋದಿಲ್ಲ. ಗೇಮ್‌ನವರು ಕಾರನ್ನು ಎಲ್ಲ ಕಡೆಯಿಂದ ಫೋಟೋ ತೆಗೆಯುತ್ತಾರೆ, ಲೇಸರ್‌ನಿಂದ ಅಳೆಯುತ್ತಾರೆ, ಎಂಜಿನ್ ಸದ್ದು ರೆಕಾರ್ಡ್ ಮಾಡುತ್ತಾರೆ. ಕಂಪನಿಯವರು ಕಂಪ್ಯೂಟರಿನಲ್ಲಿ ಬಿಡಿಸಿದ ಮೂಲ ನಕ್ಷೆಗಳನ್ನೇ ಕೊಡೋದೂ ಉಂಟು. ಮಾದರಿ ತಯಾರಾದ ಮೇಲೆ ಕಂಪನಿಗೆ ಕಳಿಸಬೇಕು. ಅವರು ದೀಪ, ಕನ್ನಡಿ, ಬಣ್ಣ, ಲಾಂಛನದ ಅಳತೆ ಎಲ್ಲ ನೋಡಿ ಸರಿ ಅಂದರೆ ಸರಿ.

ಜಾಸ್ತಿ ತಕರಾರು ಬರೋದು ಕಾರು ಗುದ್ದಿದಾಗ ಹೇಗೆ ಕಾಣಬೇಕು ಅನ್ನೋದರಲ್ಲಿ. ಬಂಪರ್ ಕಳಚಬಹುದು, ಗಾಜು ಒಡೆಯಬಹುದು. ಚಾವಣಿ ಕುಸಿದು ಡ್ರೈವರ್ ಕೂತ ಜಾಗ ಅಪ್ಪಚ್ಚಿಯಾಗೋದನ್ನು ತೋರಿಸಿದರೆ ಯಾವ ಕಂಪನಿ ಸುಮ್ಮನಿರುತ್ತದೆ? ಕಾರು ಸುರಕ್ಷಿತ ಅಂತ ಜಾಹೀರಾತು ಕೊಡುವವರು ಅವರೇ ಅಲ್ವಾ. ‘ಗ್ರ್ಯಾನ್ ಟೂರಿಸ್ಮೊ’ ಸರಣಿಯ ಮೊದಲ ನಾಲ್ಕು ಮುಖ್ಯ ಗೇಮ್‌ಗಳಲ್ಲಿ ಕಾರನ್ನು ಗೋಡೆಗೆ ಎಷ್ಟು ಚಚ್ಚಿದರೂ ಒಂದು ಗೀರು ಬೀಳೋದಿಲ್ಲ. ಕಾರುಗಳು ಪುಡಿಪುಡಿಯಾಗೋದೇ ಮಜಾ ಅನ್ನುವ ‘ಬರ್ನ್‌ಔಟ್’ ಸರಣಿಯವರು ಅಸಲಿ ಬ್ರ್ಯಾಂಡುಗಳ ತಂಟೆಗೆ ಹೋಗದೆ ತಾವೇ ಕಾರುಗಳನ್ನು ಕಟ್ಟಿಕೊಂಡರು.

ಕಾರು ಎಲ್ಲಿ ಓಡುತ್ತದೆ ಅನ್ನೋದೂ ಕಂಪನಿಗೆ ಮುಖ್ಯ. 2019ರಲ್ಲಿ ‘ನೀಡ್ ಫಾರ್ ಸ್ಪೀಡ್ ಹೀಟ್’ ಬಂದಾಗ ಅದರಲ್ಲಿ ಟೊಯೋಟಾ ಇರಲಿಲ್ಲ. ಯಾಕೆ ಅಂತ ಜನ ಕೇಳಿದರು. ನಮ್ಮ ಕಾರು ‘ಗ್ರ್ಯಾನ್ ಟೂರಿಸ್ಮೊ ಸ್ಪೋರ್ಟ್’ನಲ್ಲಿದೆ, ಅದು ಬೀದಿಯಲ್ಲಿ ಕದ್ದುಮುಚ್ಚಿ ನಡೆಸುವ ರೇಸಿಗೆ ಕುಮ್ಮಕ್ಕು ಕೊಡೋದಿಲ್ಲ ಅನ್ನುವ ಅರ್ಥದಲ್ಲಿ ಟೊಯೋಟಾದ ಬ್ರಿಟನ್ ಶಾಖೆ ಟ್ವಿಟರ್‌ನಲ್ಲಿ ಉತ್ತರ ಕೊಟ್ಟಿತು. ಅಂದರೆ ಇದು ಮುದ್ರೆ ಒತ್ತಿ ಕೈಗೆ ಕೊಡುವ ಕಾಗದದಂಥದ್ದಲ್ಲ. ಕೊಟ್ಟ ಮೇಲೂ ಕೊಟ್ಟವರ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ.

ಇನ್ನು ಪೋರ್ಷೆಯ ಕಥೆ. ನನ್ನ ಪದಸಂಕಟಕ್ಕೆಲ್ಲ ಇದೇ ಮೂಲ.

ಪೋರ್ಷೆ ಕಾರುಗಳನ್ನು ಗೇಮ್‌ನಲ್ಲಿ ಬಳಸುವ ಹಕ್ಕು 2000ದ ಸುಮಾರಿನಿಂದ 2016ರ ತನಕ ‘ನೀಡ್ ಫಾರ್ ಸ್ಪೀಡ್’ ಮಾಡುವ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಕೈಯಲ್ಲೇ ಇತ್ತು. ಬೇರೆಯವರಿಗೆ ಬೇಕಾದರೆ ಅವರನ್ನೇ ಕೇಳಬೇಕು. ಮೈಕ್ರೋಸಾಫ್ಟ್ ಹಾಗೇ ಕೇಳಿ ಪಡೆದು 2009ರ ‘ಫೋರ್ಜಾ 3’ರಲ್ಲಿ ಪೋರ್ಷೆ ಹಾಕಿತು. 2011ರ ‘ಫೋರ್ಜಾ 4’ಕ್ಕೆ ಮಾತುಕತೆ ಕುದುರಲಿಲ್ಲ, ಪೋರ್ಷೆ ಇಲ್ಲದೆಯೇ ಗೇಮ್ ಬಂತು. ಮರುವರ್ಷ ಹೇಗೋ ರಾಜಿಯಾಗಿ ಪೋರ್ಷೆಗಳನ್ನು ಬೇರೆ ಕಂತಾಗಿ ಮಾರಿದರು.

ಅಷ್ಟು ವರ್ಷ ಉಳಿದವರು ಏನು ಮಾಡಿದರು? ಇದು ನನಗೆ ತುಂಬಾ ಇಷ್ಟವಾದ ಭಾಗ. ಜರ್ಮನಿಯ ಬವೇರಿಯಾದಲ್ಲಿ ಫಾಫೆನ್‌ಹೌಸನ್ ಅಂತ ಒಂದು ಸಣ್ಣ ಊರು. ಅಲ್ಲಿ ರೂಫ್ ಅನ್ನುವ ಮನೆತನದ ಕಂಪನಿ ಇದೆ. 1939ರಲ್ಲಿ ಗ್ಯಾರೇಜ್ ಆಗಿ ಶುರುವಾದದ್ದು. ಇವರು ಪೋರ್ಷೆಯಿಂದ ಬಣ್ಣ, ಎಂಜಿನ್ ಏನೂ ಇಲ್ಲದ ಬರಿಯ ಬಾಡಿ ತರಿಸಿಕೊಂಡು, ಅದರ ಮೇಲೆ ತಮ್ಮ ಕಾರು ಕಟ್ಟುತ್ತಾರೆ. ಚಾಸಿ ನಂಬರೂ ತಮ್ಮದೇ ಕೊಡುತ್ತಾರೆ. ಜರ್ಮನ್ ಸರ್ಕಾರದ ಲೆಕ್ಕದಲ್ಲಿ ರೂಫ್ ಬರೀ ಗ್ಯಾರೇಜ್ ಅಲ್ಲ, ಸ್ವಂತ ಕಾರು ತಯಾರಕರು. ಹೀಗಾಗಿ ರೂಫ್‌ನವರ ಜೊತೆ ಒಪ್ಪಂದ ಮಾಡಿಕೊಂಡರೆ ಸಾಕು, ಎಲೆಕ್ಟ್ರಾನಿಕ್ ಆರ್ಟ್ಸ್ ಅಡ್ಡ ಬರೋದಿಲ್ಲ. ‘ಗ್ರ್ಯಾನ್ ಟೂರಿಸ್ಮೊ’ ವರ್ಷಗಟ್ಟಲೆ ಹಾಗೇ ನಡೆಸಿತು. 1987ರ ಹಳದಿ ರೂಫ್ ಸಿಟಿಆರ್ ಕಾರಿನ ಹೆಸರು ಎಷ್ಟೋ ಹುಡುಗರಿಗೆ ಗೊತ್ತಾದದ್ದೇ ಗೇಮ್‌ಗಳಿಂದ. ನೋಡೋಕೆ ಪೋರ್ಷೆ, ದಾಖಲೆಯಲ್ಲಿ ರೂಫ್. 2017ರಲ್ಲಿ ಪೋರ್ಷೆಯ ಬಾಗಿಲು ತೆರೆಯಿತು. ‘ಗ್ರ್ಯಾನ್ ಟೂರಿಸ್ಮೊ ಸ್ಪೋರ್ಟ್’, ‘ಫೋರ್ಜಾ 7’ ಎರಡರಲ್ಲೂ ಅಸಲಿ ಪೋರ್ಷೆಯೇ ಬಂತು.

ಹುಡುಗ ಈ ಜಾಗದಲ್ಲಿ ‘ಏಕಸ್ವಾಮ್ಯ ಪರವಾನಗಿ’ ಅಂತ ಬರೆದಿದ್ದಾನೆ. ನನಗೆ ಸರಿ ಕಾಣಲಿಲ್ಲ. ಏಕಸ್ವಾಮ್ಯ ಅಂದರೆ ಇಡೀ ಮಾರುಕಟ್ಟೆ ಒಬ್ಬರ ಮುಷ್ಟಿಯಲ್ಲಿರೋದು. ರೇಸಿಂಗ್ ಗೇಮ್‌ಗಳ ಮಾರುಕಟ್ಟೆ ಎಲೆಕ್ಟ್ರಾನಿಕ್ ಆರ್ಟ್ಸ್ ಕೈಯಲ್ಲಿ ಎಂದೂ ಇರಲಿಲ್ಲ, ಪೋರ್ಷೆಯ ಒಂದು ಹಕ್ಕು ಮಾತ್ರ ಇತ್ತು. ‘ಒಬ್ಬರಿಗೇ ಮೀಸಲಾದ ಹಕ್ಕು’ ಅಂದರೆ ಅರ್ಥ ನೆಟ್ಟಗಿರುತ್ತದೆ, ಸ್ವಲ್ಪ ಉದ್ದ ಅಷ್ಟೇ.

ಆಮೇಲೆ ಮೈಕ್ರೋಸಾಫ್ಟ್ ಪಡೆದದ್ದು. ಹಕ್ಕು ಪಡೆದವರಿಂದ ಮತ್ತೊಬ್ಬರು ಪಡೆಯೋದು. ಹುಡುಗ ‘ಉಪಪರವಾನಗಿ’ ಅಂದಿದ್ದಾನೆ. ನಮ್ಮ ಕಡೆ ಇದಕ್ಕೆ ಹಳೆಯ ಮಾತೇ ಇದೆಯಲ್ಲ: ಒಳಗೇಣಿ. ಇದು ನೆನಪಾದ ಕೂಡಲೇ ಗೇಣಿಯ ಇಡೀ ಪದಸಂಸಾರವೇ ಕಣ್ಣ ಮುಂದೆ ಬಂತು. ಕರಾವಳಿಯವರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಮೂಲಗೇಣಿ ಅಂದರೆ ತಲೆತಲಾಂತರಕ್ಕೆ ನಿಂತ ಹಕ್ಕು. ಚಾಲಗೇಣಿ ಅಂದರೆ ಒಡೆಯರು ಬೇಡ ಅಂದರೆ ಬಿಡಬೇಕಾದದ್ದು. ವಾಯಿದೆ ಗೇಣಿ ಅಂದರೆ ಇಂತಿಷ್ಟು ವರ್ಷಕ್ಕೆ ಅಂತ ಬರೆದುಕೊಟ್ಟದ್ದು. ಗೇಮ್‌ನವರಿಗೆ ಕಾರ್ ಕಂಪನಿ ಕೊಡೋದು ಹೆಚ್ಚುಕಮ್ಮಿ ಈ ಮೂರನೆಯದು. ಬೆಂಗಳೂರಿನ ಮನೆಗಳ ‘ಭೋಗ್ಯ’ ಇಲ್ಲಿ ಹೊಂದೋದಿಲ್ಲ. ಭೋಗ್ಯದಲ್ಲಿ ಕೊಟ್ಟ ದುಡ್ಡು ಕೊನೆಗೆ ವಾಪಸ್ ಬರುತ್ತದೆ.

ವಾಯಿದೆ ಅನ್ನೋದು ಎಷ್ಟು ಮುಖ್ಯ ಅಂತ ‘ಫೋರ್ಜಾ ಹೊರೈಜ಼ನ್ 4’ ನೋಡಿದರೆ ತಿಳಿಯುತ್ತದೆ. 2018ರಲ್ಲಿ ಬಂದ ಗೇಮ್, ಆಡುವವರು ಇನ್ನೂ ಬೇಕಾದಷ್ಟಿದ್ದರು. 2024ರ ಡಿಸೆಂಬರ್ 15ಕ್ಕೆ ಮಾರಾಟ ನಿಲ್ಲಿಸಿದರು. ಕಾರಣ ಬೇರೇನಲ್ಲ, ಒಪ್ಪಂದಗಳ ಅವಧಿ ಮುಗಿದದ್ದು. ‘ಹೊರೈಜ಼ನ್ 3’ 2020ರಲ್ಲಿ, ‘ಫೋರ್ಜಾ 7’ 2021ರಲ್ಲಿ ಇದೇ ದಾರಿ ಹಿಡಿದಿದ್ದವು. ಮೊದಲೇ ಕೊಂಡವರು ಆಡಬಹುದು, ಹೊಸಬರಿಗೆ ಅಂಗಡಿಯಲ್ಲಿ ಸಿಗೋದಿಲ್ಲ. ಯುಬಿಸಾಫ್ಟ್‌ನ ‘ದಿ ಕ್ರೂ’ ಕಥೆ ಇದಕ್ಕಿಂತ ಕೆಟ್ಟದ್ದು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ಮುಚ್ಚಿದರು. ಕಾಸು ಕೊಟ್ಟು ಕೊಂಡವರೂ ಆಡದ ಹಾಗಾಯಿತು. ಸರ್ವರ್ ತೊಂದರೆಯ ಜೊತೆಗೆ ಲೈಸೆನ್ಸಿನ ತೊಡಕನ್ನೂ ಕಂಪನಿ ಕಾರಣವಾಗಿ ಹೇಳಿತು. ಇಂಥದ್ದಕ್ಕೆ ‘ಪರವಾನಗಿ ರದ್ದಾಯಿತು’ ಅಂತ ಬರೆದರೆ ಯಾರೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಕೇಳಿಸುತ್ತದೆ. ‘ವಾಯಿದೆ ಮುಗಿಯಿತು’ ಅಂದರೆ ಎರಡೇ ಪದದಲ್ಲಿ ಸರಿಯಾಗಿ ಹೇಳಿದಂತಾಯಿತು.

ಗೇಣಿ ಅಂತಲೇ ಬಳಸೋಣ ಅಂತ ಒಂದು ಕ್ಷಣ ಆಸೆಯಾಯಿತು. ಆದರೆ ಒಂದು ತೊಡಕಿದೆ. ಒಂದು ಗದ್ದೆಯನ್ನು ಒಂದು ಸಲಕ್ಕೆ ಒಬ್ಬರೇ ಉಳೋದು. ಹೆಸರು ಹಾಗಲ್ಲ. ನಿಸಾನ್ ತನ್ನ ಜಿಟಿ-ಆರ್ ಕಾರನ್ನು ಹತ್ತು ಗೇಮ್‌ಗಳಿಗೆ ಒಟ್ಟಿಗೆ ಕೊಡಬಹುದು, ಯಾರಿಗೂ ಕಮ್ಮಿಯಾಗೋದಿಲ್ಲ. ಪೋರ್ಷೆಯಂಥ ಮೀಸಲು ಒಪ್ಪಂದಕ್ಕೆ ಮಾತ್ರ ಗೇಣಿ ಒಪ್ಪುತ್ತದೆ. ಇನ್ನೊಂದು ಮಾತು, ಗೇಣಿಯವನು ಯಾವಾಗಲೂ ಕೊಡುವವನು. ಇಲ್ಲಿ ಲಾಭ ಎರಡೂ ಕಡೆಗಿದೆ. 2007ರ ಜಿಟಿ-ಆರ್ ಡ್ಯಾಶ್‌ಬೋರ್ಡಿನ ಪರದೆಯನ್ನು ವಿನ್ಯಾಸ ಮಾಡಿದ್ದು ‘ಗ್ರ್ಯಾನ್ ಟೂರಿಸ್ಮೊ’ ಮಾಡುವ ಪಾಲಿಫೋನಿ ಡಿಜಿಟಲ್ ಸಂಸ್ಥೆ. ನಮ್ಮ ಟಾಟಾದವರು 2017ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಟಾಮೊ ರೇಸ್ಮೊ ಅನ್ನುವ ಪುಟ್ಟ ಕಾರು ತೋರಿಸಿದಾಗ, ಅದು ‘ಫೋರ್ಜಾ ಹೊರೈಜ಼ನ್ 3’ರಲ್ಲೂ ಬರುತ್ತದೆ ಅಂತ ಹೆಮ್ಮೆಯಿಂದ ಸಾರಿದ್ದರು. ಕಾರು ರಸ್ತೆಗಿಳಿಯಲೇ ಇಲ್ಲ, ಅದು ಬೇರೆ ಮಾತು.

ಹಾಗಾದರೆ ಸರಳ ಮಾತು ಯಾವುದು? ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯೇ ದಾರಿ ತೋರಿಸುತ್ತದೆ ಅನ್ನಿಸುತ್ತದೆ. ಅದು ಮುಖ್ಯವಾಗಿ ಆಡುವ ಮಾತು ‘ಒಪ್ಪಿಗೆ ಪಡೆದ ಬಳಕೆ’, ‘ನೋಂದಾಯಿತ ಬಳಕೆದಾರ’ ಅನ್ನುವ ಅರ್ಥದ್ದು. ಮಾಲೀಕನ ಒಪ್ಪಿಗೆ, ಇನ್ನೊಬ್ಬನ ಬಳಕೆ. ಇದನ್ನು ಹಿಡಿದು ಹುಡುಗನ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “ಫೋರ್ಜಾ ಮೋಟರ್‌ಸ್ಪೋರ್ಟ್ 7ರಲ್ಲಿ ಕಂಪನಿಗಳ ಒಪ್ಪಿಗೆ ಪಡೆದು ಬಳಸಿದ 700ಕ್ಕೂ ಹೆಚ್ಚು ಅಸಲಿ ಕಾರುಗಳಿವೆ.” ಲೈಸೆನ್ಸ್ ಅನ್ನೋದನ್ನೇ ಇಡಬೇಕಾದ ಕಡೆ ‘ಬಳಕೆ ಹಕ್ಕು’ ಅಂತ ಹಾಕಿದ್ದೇನೆ. ಲೈಸೆನ್ಸ್ ಅಂತಲೇ ಬಿಟ್ಟರೂ ನನ್ನ ತಕರಾರಿಲ್ಲ. ‘ಪರವಾನಗಿ’ಗಿಂತ ಅದೇ ವಾಸಿ, ಅದನ್ನು ಓದಿದವರು ತಪ್ಪು ಕಡೆ ಹೋಗೋದಿಲ್ಲ.

ಎರಡು ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಒಂದು, ಒಪ್ಪಿಗೆ ಕೇಳದೆ ಹೋಲುವ ಕಾರು ಕಟ್ಟಿ, ತಮ್ಮದೇ ಹೆಸರಿಡುತ್ತಾರಲ್ಲ, ಅದನ್ನು ಏನನ್ನೋಣ? ‘ಗ್ರ್ಯಾಂಡ್ ಥೆಫ್ಟ್ ಆಟೋ’ದಲ್ಲಿ ಫೆರಾರಿಯ ಛಾಯೆಯ ಕಾರಿಗೆ ಗ್ರೊಟ್ಟಿ, ಪೋರ್ಷೆಯ ಛಾಯೆಯದಕ್ಕೆ ಫಿಸ್ಟರ್ ಅಂತ ಹೆಸರು. ಇದರಲ್ಲಿ ನಮ್ಮೂರಿನ ಕೊಂಡಿಯೂ ಇದೆ. ‘ಫೋರ್ಜಾ’ ಸರಣಿಗೆ ಅಸಲಿ ಕಾರುಗಳ ಮಾದರಿ ಮಾಡಿಕೊಟ್ಟ ಸಂಸ್ಥೆಗಳಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕೂಡ ಒಂದು. 2019ರಲ್ಲಿ ಅದನ್ನು ಕೊಂಡವರು ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ರಾಕ್‌ಸ್ಟಾರ್! ಹುಡುಗ ‘ನಕಲಿ ಬ್ರ್ಯಾಂಡ್’ ಅಂದಿದ್ದಾನೆ. ನಕಲಿ ಅಂದರೆ ಅಸಲಿಯ ಹೆಸರು ಹಾಕಿ ಮೋಸ ಮಾಡೋದು. ಇಲ್ಲಿ ಮೋಸವಿಲ್ಲ, ಕುಚೇಷ್ಟೆ ಇದೆ. ‘ಕಟ್ಟುಹೆಸರು’ ಅಂತ ನನಗೆ ಹೊಳೆದದ್ದು, ಪೂರ್ತಿ ಸಮಾಧಾನ ಇಲ್ಲ. ಕೇಳದೆ ಅಸಲಿಯನ್ನೇ ತೋರಿಸಿ ಗೆದ್ದವರೂ ಇದ್ದಾರೆ ಅನ್ನಿ. ‘ಕಾಲ್ ಆಫ್ ಡ್ಯೂಟಿ’ಯಲ್ಲಿ ಹಮ್ವೀ ಸೇನಾ ಜೀಪು ಬಳಸಿದ್ದಕ್ಕೆ ಅದನ್ನು ತಯಾರಿಸುವ ಎಎಂ ಜನರಲ್ ದಾವೆ ಹೂಡಿತ್ತು. 2020ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಗೇಮ್‌ನವರ ಪರ ತೀರ್ಪು ಕೊಟ್ಟಿತು, ಯುದ್ಧದ ಚಿತ್ರಣ ನೈಜವಾಗಿ ಕಾಣೋಕೆ ಅದು ಬೇಕು ಅನ್ನೋದನ್ನು ಒಪ್ಪಿತು. ರೇಸಿಂಗ್ ಗೇಮ್‌ನವರು ಆ ಧೈರ್ಯ ಮಾಡೋದು ಕಷ್ಟ. ಅವರಿಗೆ ನಕ್ಷೆ ಬೇಕು, ಎಂಜಿನ್ ಸದ್ದು ಬೇಕು, ಮುಂದಿನ ಗೇಮ್‌ಗೂ ಅದೇ ಕಂಪನಿಯ ಸ್ನೇಹ ಬೇಕು.

ಎರಡು, ರಾಯಲ್ಟಿ. ಮಾರಾಟವಾದ ಪ್ರತಿಯೊಂದಕ್ಕೆ ಇಷ್ಟು ಅಂತ ಕಾರ್ ಕಂಪನಿಗೆ ಹೋಗುವ ದುಡ್ಡು. ಪುಸ್ತಕದವರು ‘ಗೌರವಧನ’ ಅನ್ನುತ್ತಾರೆ, ಕಾರ್ ಕಂಪನಿಗೆ ಯಾರ ಗೌರವ? ಗಣಿ ಇಲಾಖೆಯ ಕಡತಗಳಲ್ಲಿ ‘ರಾಜಧನ’ ಇದೆ, ಅಲ್ಲಿ ಪಡೆಯುವವರು ಸರ್ಕಾರ. ಖಾಸಗಿಯವರಿಗೆ ಸಲ್ಲುವ ಇಂಥ ಪಾಲಿಗೆ ನಿಮ್ಮ ಕಡೆ ಬಳಕೆಯಲ್ಲಿರುವ ಮಾತು ಇದ್ದರೆ ತಿಳಿಸಿ. ತೋಟದ ಗುತ್ತಿಗೆ, ಮೀನಿನ ಹರಾಜು, ಕಲ್ಲಿನ ಕ್ವಾರಿ, ಎಲ್ಲಿಯದಾದರೂ ಸರಿ. ನಿಘಂಟಿನ ಪದ ಬೇಡ, ಬಾಯಲ್ಲಿ ಕೇಳಿದ್ದು ಬೇಕು. ಬರಹ ಇನ್ನೂ ನನ್ನ ಹತ್ತಿರವೇ ಇದೆ.